ನಗದು ಅಲ್ಲಿ, ಕಡ ಇಲ್ಲಿ

ಕಳೆದ ತೆನೆಹಬ್ಬದ ಮುನ್ನಾದಿನ ನಮ್ಮ ಅಡುಗೆಮನೆಯ ಮೇಜಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದು ಸುತ್ತಿದ ಕೆಸುವಿನ ದಂಟಿನ ಕಟ್ಟೊಂದಿತ್ತು. ಅದರ ಮೇಲೆ ಕಪ್ಪು ಗೆರೆಗಳ ಚೀಟಿ, ತೂಕ, ದರ. ಮಂಗಳೂರು ನಗರದ ದೊಡ್ಡ ಸೂಪರ್ ಮಾರ್ಕೆಟೊಂದರಿಂದ ನಾವೇ ಕೊಂಡು ತಂದದ್ದು. ಅದೇ ಹೊತ್ತಿಗೆ ಕಿಟಕಿಯಾಚೆ, ಬಾವಿಕಟ್ಟೆಯ ನೀರು ಹರಿದುಹೋಗುವ ಕಣಿಯ ಬದಿಯಲ್ಲಿ, ಮೊಣಕಾಲೆತ್ತರಕ್ಕೆ ಕೆಸು ಬೆಳೆದು ನಿಂತಿತ್ತು. ಮನೆಯ ಹಿರಿಯ ತಾಯಿ ಕಟ್ಟನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಇದಕ್ಕೂ ದುಡ್ಡು ಕೊಟ್ಟಿರಾ?" ಎಂದಷ್ಟೇ ಕೇಳಿದರು. ಉತ್ತರ ನಮ್ಮಲ್ಲಿರಲಿಲ್ಲ.

ಸೆಪ್ಟೆಂಬರ್ 8ರ ಆ ಹಬ್ಬದಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತಂದು, ಅಕ್ಕಿ ಕಾಳನ್ನು ಹಾಲಿಗೆ ಬೆರೆಸಿ ಕುಡಿದು, ಬೆಸಸಂಖ್ಯೆಯ ತರಕಾರಿಗಳಿಂದ ಊಟ ಮಾಡುವ ನಾವು, ಆ ತರಕಾರಿಯನ್ನು ಎಲ್ಲಿಂದಲೋ ಶೀತಲ ಪೆಟ್ಟಿಗೆಯಲ್ಲಿ ಬಂದ ಪೊಟ್ಟಣದಿಂದ ಬಿಡಿಸುತ್ತಿದ್ದೆವು. ಅಂದು ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಒಂದು ತೀರ್ಮಾನವಾಯಿತು. ಆರು ತಿಂಗಳ ಕಾಲ ಸೂಪರ್ ಮಾರ್ಕೆಟಿನ ಮೆಟ್ಟಿಲು ಹತ್ತಕೂಡದು; ಮನೆಗೆ ಬೇಕಾದುದನ್ನೆಲ್ಲ ನಡೆದು ಹೋಗುವಷ್ಟು ದೂರದ ಅಂಗಡಿಗಳಿಂದಲೇ ತರಬೇಕು. ಆ ಆರು ತಿಂಗಳು ಈಗ ಕಳೆದಿವೆ. ಅದರ ಲೆಕ್ಕವನ್ನು ಓದುಗರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ. ಲೆಕ್ಕ ಪೂರ್ತಿಯಾಗಿ ನಮಗೆ ಗೌರವ ತರುವಂಥದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ.

ನಮ್ಮ ಓಣಿಯ ತಿರುವಿನಲ್ಲಿ ಒಂದು ದಿನಸಿ ಅಂಗಡಿಯಿದೆ. ಹೆಂಚಿನ ಮಾಡು, ಮರದ ಹಲಗೆಯ ಬಾಗಿಲು, ಮುಂದೆ ಸಾಲಾಗಿ ಬಾಯಿ ತೆರೆದ ಗೋಣಿಗಳು, ಗಾಜಿನ ಭರಣಿಗಳು, ಮೇಲಿನಿಂದ ಇಳಿಬಿದ್ದ ನೂಲಿನ ಉಂಡೆ. ಇಂಥ ಅಂಗಡಿಯನ್ನು ವರ್ಣಿಸಬೇಕಾದ ಕಾಲ ಬಂದಿರುವುದೇ ವಿಷಾದದ ಸಂಗತಿ. ಹಲವು ವರ್ಷಗಳಿಂದ ನಾವು ತಿಂಗಳಿಗೊಮ್ಮೆ ಸೂಪರ್ ಮಾರ್ಕೆಟಿಗೆ ಹೋಗಿ ರಿಕ್ಷಾದಲ್ಲಿ ಹಿಂದಿರುಗುವಾಗ ಈ ತಿರುವಿನಲ್ಲೊಂದು ಅಭ್ಯಾಸ ಮಾಡಿಕೊಂಡಿದ್ದೆವು. ಚೀಲಗಳನ್ನು ಕಾಲಿನ ಬುಡಕ್ಕೆ ಸರಿಸಿ, ಮುಖವನ್ನು ಅತ್ತ ತಿರುಗಿಸುವುದು. ಅಂಗಡಿಯವರು ನೋಡಬಾರದಲ್ಲ! ಅವರು ನೋಡುತ್ತಿದ್ದರು, ನೋಡಿಯೂ ನೋಡದಂತೆ ತಕ್ಕಡಿಯತ್ತ ಬಗ್ಗುತ್ತಿದ್ದರು. ಒಂದು ತಪ್ಪೂ ಇಲ್ಲದ ಕೆಲಸವಾಗಿದ್ದರೆ ನಾವೇಕೆ ಚೀಲ ಅಡಗಿಸಬೇಕಿತ್ತು? ಕೊಳ್ಳುವವರು ತಮಗೆ ಬೇಕಾದಲ್ಲಿ ಕೊಳ್ಳಬಹುದು, ಅದು ಅವರ ಹಕ್ಕು ಎಂಬ ವಾದವನ್ನು ನಾವೂ ಬಲ್ಲೆವು. ಆದರೆ ಅದೇ ತಿಂಗಳು ಇಪ್ಪತ್ತೆಂಟನೆಯ ತಾರೀಕಿಗೆ ಅಕ್ಕಿ ಮುಗಿದಾಗ, ಕೈಯಲ್ಲಿ ಹಣವೂ ಮುಗಿದಾಗ, ಮಕ್ಕಳನ್ನು ಕಳುಹಿಸುತ್ತಿದ್ದುದು ಎಲ್ಲಿಗೆ? "ಅಂಗಡಿ ಮಾಮನಲ್ಲಿ ಐದು ಕಿಲೋ ಕುಚ್ಚಲಕ್ಕಿ ತೆಗೆದುಕೊಂಡು ಬಾ, ಪುಸ್ತಕದಲ್ಲಿ ಬರೆಯಲು ಹೇಳು." ಸೂಪರ್ ಮಾರ್ಕೆಟಿನಲ್ಲಿ ಪುಸ್ತಕವಿಲ್ಲ. ಅಲ್ಲಿ ನಮ್ಮ ಮುಖದ ಪರಿಚಯ ಯಾರಿಗೂ ಇಲ್ಲ. ನಗದು ಅಲ್ಲಿಗೆ, ಕಡ ಇಲ್ಲಿಗೆ. ನಮ್ಮ ಮನೆಯ ವ್ಯಾಪಾರನೀತಿಯೆಂದರೆ ಇದಾಗಿತ್ತು. ನಮ್ಮೊಂದೇ ಮನೆಯದಲ್ಲವೆಂದೂ ಹೇಳಬಲ್ಲೆವು.

2020ರ ಮಾರ್ಚ್ ತಿಂಗಳನ್ನು ಯಾರೂ ಮರೆತಿರಲಾರರು. 25ರಿಂದ ದೇಶವೇ ಬಾಗಿಲು ಹಾಕಿತು. ತಿಂಗಳ ಕೊನೆಯ ಕೆಲವು ದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ದಿನಸಿ ಅಂಗಡಿಗಳನ್ನೂ ತೆರೆಯಲು ಬಿಡಲಿಲ್ಲ. ಅನಂತರ ಬೆಳಗಿನ ಕೆಲವು ತಾಸು ಮಾತ್ರ ಅನುಮತಿ ದೊರೆತಾಗ ನಮ್ಮ ತಿರುವಿನ ಅಂಗಡಿಯವರು ರಸ್ತೆಯ ಮೇಲೆ ಸುಣ್ಣದಿಂದ ವೃತ್ತಗಳನ್ನು ಬರೆದು ಒಬ್ಬೊಬ್ಬರನ್ನೇ ನಿಲ್ಲಿಸಿದರು. ಗಲ್ಫಿನಿಂದ ಬರಬೇಕಾಗಿದ್ದ ಹಣ ಎಷ್ಟೋ ಮನೆಗಳಿಗೆ ನಿಂತುಹೋಗಿತ್ತು. ಬಸ್ಸು ನಿಂತು ನಿರ್ವಾಹಕರ ಮನೆಯಲ್ಲಿ ಒಲೆ ಉರಿಯುವುದು ಕಷ್ಟವಾಗಿತ್ತು. ಬೀಡಿ ಕಟ್ಟುವ ತಾಯಂದಿರಿಗೆ ಎಲೆಯೂ ಇಲ್ಲ, ಹೊಗೆಸೊಪ್ಪೂ ಇಲ್ಲ, ಮಜೂರಿಯೂ ಇಲ್ಲ. ಅವರೆಲ್ಲರಿಗೂ ಅಕ್ಕಿ, ಬೇಳೆ, ತೆಂಗಿನೆಣ್ಣೆ ಸಿಕ್ಕಿದ್ದು ಆ ಪುಸ್ತಕದ ಬಲದಿಂದ. ಅಂಗಡಿಯವರೇನೂ ಧರ್ಮಕ್ಕೆ ಕೊಟ್ಟದ್ದಲ್ಲ, ವ್ಯಾಪಾರಿಯೇ ತಾನೆ. ಆದರೆ ಬರುತ್ತದೋ ಇಲ್ಲವೋ ಎಂದು ತಿಳಿಯದ ಹಣಕ್ಕೆ ಸರಕು ಕೊಡುವುದನ್ನು ಯಾವ ಬ್ಯಾಂಕೂ ಮಾಡಲಾರದು. ಪಿಡುಗು ಕಳೆಯಿತು, ಬಸ್ಸುಗಳು ಓಡತೊಡಗಿದವು, ಗಲ್ಫಿನ ಹಣ ಬಂತು. ಬಂದ ಹಣದೊಂದಿಗೆ ನಾವು ರಿಕ್ಷಾ ಹತ್ತಿ ಸೂಪರ್ ಮಾರ್ಕೆಟಿಗೆ ಹೋದೆವು.

ಇನ್ನೂ ಹಿಂದಿನ ಒಂದು ದಿನವನ್ನೂ ಇಲ್ಲಿ ನೆನೆಯಬೇಕು. 2012ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರವು ಚಿಲ್ಲರೆ ವ್ಯಾಪಾರದಲ್ಲಿ ಶೇಕಡಾ 51ರವರೆಗೆ ವಿದೇಶೀ ಬಂಡವಾಳಕ್ಕೆ ಅವಕಾಶ ನೀಡಿದಾಗ, ಅದೇ ತಿಂಗಳ 20ರಂದು ದೇಶಾದ್ಯಂತ ಬಂದ್ ನಡೆಯಿತು. ನಾವು ಇಗರ್ಜಿಯ ಅಂಗಳದಲ್ಲಿ ನಿಂತು ಸಣ್ಣ ವ್ಯಾಪಾರಿಗಳ ಪರವಾಗಿ ಆವೇಶದಿಂದ ಮಾತನಾಡಿದ್ದೆವು. ಆ ಅನುಮತಿ ಮುಖ್ಯವಾಗಿ ಹತ್ತು ಲಕ್ಷಕ್ಕೆ ಮೀರಿದ ಜನಸಂಖ್ಯೆಯ ನಗರಗಳಿಗೆ ಸಂಬಂಧಿಸಿದ್ದು, ರಾಜ್ಯ ಸರಕಾರಗಳ ಒಪ್ಪಿಗೆಯೂ ಅದಕ್ಕೆ ಬೇಕಿತ್ತು ಎಂಬುದನ್ನು ಆಗ ನಾವು ಗಮನಿಸಿರಲಿಲ್ಲ. ಮಂಗಳೂರಿನ ಜನಸಂಖ್ಯೆ ಅಷ್ಟಿರಲಿಲ್ಲ. ನಮ್ಮ ತಿರುವಿನ ಅಂಗಡಿಯ ಗಿರಾಕಿಗಳನ್ನು ಕಡಿಮೆ ಮಾಡಿದ್ದು ಯಾವ ವಿದೇಶೀ ಕಂಪೆನಿಯೂ ಅಲ್ಲ. ಸ್ವದೇಶೀ ಬಂಡವಾಳ, ಸ್ವದೇಶೀ ಹವಾನಿಯಂತ್ರಣ, ಮತ್ತು ಭಾನುವಾರದ ಬಲಿಪೂಜೆ ಮುಗಿಸಿ ನೇರವಾಗಿ ಅಲ್ಲಿಗೆ ಹೋಗುತ್ತಿದ್ದ ನಮ್ಮಂಥ ಸ್ವದೇಶೀ ಕುಟುಂಬಗಳು.

ಈಗ ಹಣದ ಮಾತು. ಸೂಪರ್ ಮಾರ್ಕೆಟಿನಲ್ಲಿ ಅಗ್ಗ ಎಂಬುದು ಸುಳ್ಳಲ್ಲ. ಸಾಬೂನು, ಹಲ್ಲುಜ್ಜುವ ಪೇಸ್ಟು, ಬಟ್ಟೆ ಒಗೆಯುವ ಪುಡಿ, ಚಹಾಪುಡಿ ಇವುಗಳಿಗೆ ನಾವು ಈ ಆರು ತಿಂಗಳು ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಯನ್ನೇ ತೆತ್ತಿದ್ದೇವೆ. ದೊಡ್ಡ ಮಳಿಗೆಯವರು ಕಂಪೆನಿಯಿಂದಲೇ ಲಾರಿಗಟ್ಟಲೆ ತರುತ್ತಾರೆ. ನಮ್ಮ ಅಂಗಡಿಯವರ ಬಳಿಗೆ ಸರಕು ಬರುವಷ್ಟರಲ್ಲಿ ವಿತರಕರ ಕೈ ದಾಟಿರುತ್ತದೆ. ಉಳಿದ ಲಾಭದಲ್ಲಿ ರಿಯಾಯಿತಿ ಕೊಡಲು ಹೊರಟರೆ ಅವರ ಬಾಡಿಗೆಗೇ ಸಂಚಕಾರ. ಆದರೆ ಮನೆಯ ಒಟ್ಟು ಖರ್ಚು ಏರಲಿಲ್ಲ, ತುಸು ಇಳಿಯಿತು. ಇದು ನಮಗೇ ಆಶ್ಚರ್ಯವಾಗಿ ಹಳೆಯ ಬಿಲ್ಲುಗಳನ್ನು ಹುಡುಕಿ ತೆಗೆದೆವು. ಅವುಗಳಲ್ಲಿ ಹೋಗುವಾಗ ಬರೆದ ಚೀಟಿಯಲ್ಲಿಲ್ಲದ ಸಾಮಗ್ರಿಗಳೇ ತುಂಬಿದ್ದವು. ಎರಡು ಕೊಂಡರೆ ಒಂದು ಉಚಿತವೆಂದು ತಂದ ಸಾಸ್ ಬಾಟಲಿಗಳ ಪೈಕಿ ಮೂರನೆಯದು ಇನ್ನೂ ಕಪಾಟಿನಲ್ಲಿದೆ, ಅವಧಿ ಮೀರಿ.

ಇದಕ್ಕೆ ನಮ್ಮ ಚಪಲವೊಂದೇ ಕಾರಣವಲ್ಲ. ಗಿರಾಕಿಯೇ ಒಳಹೊಕ್ಕು ಸರಕನ್ನು ಕೈಯಾರೆ ಎತ್ತಿಕೊಳ್ಳುವ ಅಂಗಡಿಯನ್ನು ಕ್ಲಾರೆನ್ಸ್ ಸಾಂಡರ್ಸ್ ಎಂಬವರು 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ತೆರೆದರು. ಅಲ್ಲಿಯವರೆಗೆ ಅಲ್ಲಿಯೂ ನಮ್ಮಲ್ಲಿಯಂತೆ ಮೇಜಿನಾಚೆ ಅಂಗಡಿಯವನು, ಈಚೆ ಗಿರಾಕಿ. ಮುಂದೆ ಒಕ್ಲಹೋಮದ ಸಿಲ್ವನ್ ಗೋಲ್ಡ್‌ಮನ್ ಎಂಬ ವ್ಯಾಪಾರಿ, ಕೈಬುಟ್ಟಿ ಭಾರವಾದೊಡನೆ ಜನ ಕೊಳ್ಳುವುದನ್ನು ನಿಲ್ಲಿಸುತ್ತಾರೆಂಬುದನ್ನು ಗಮನಿಸಿ, ಮಡಚುವ ಕುರ್ಚಿಯ ಮಾದರಿಯಲ್ಲಿ ಗಾಲಿಯಿರುವ ತಳ್ಳುಗಾಡಿಯನ್ನು 1937ರಲ್ಲಿ ಬಳಕೆಗೆ ತಂದನು. ಕೈ ನೋಯುವುದೇ ಮಿತಿಯಾಗಿತ್ತು, ಆ ಮಿತಿಯನ್ನು ಗಾಲಿ ತೆಗೆದುಹಾಕಿತು. ನಮ್ಮ ಬಟ್ಟೆಯ ಚೀಲಕ್ಕೆ ಗಾಲಿಯಿಲ್ಲ. ಓಣಿಯ ಏರು ಹತ್ತುವಾಗ ಯಾವುದು ಬೇಕು, ಯಾವುದು ಬೇಡ ಎಂಬುದು ಹೆಗಲಿಗೆ ತಾನಾಗಿಯೇ ತಿಳಿಯುತ್ತದೆ.

ತೆರಿಗೆಯ ವಿಚಾರವೂ ಒಂದಿದೆ. 2022ರ ಜುಲೈ 18ರಿಂದ, 25 ಕಿಲೋಗ್ರಾಂವರೆಗಿನ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಗೋಧಿ, ಬೇಳೆ, ಹಿಟ್ಟುಗಳ ಮೇಲೆ ಶೇಕಡಾ 5 ಜಿಎಸ್‌ಟಿ ಬಂತು. ಗೋಣಿಯಿಂದ ತೆಗೆದು ತೂಗಿ ಕೊಡುವ ಅದೇ ಅಕ್ಕಿಗೆ ಈ ತೆರಿಗೆಯಿಲ್ಲ. ಹೊಳೆಯುವ ಪೊಟ್ಟಣದಲ್ಲಿ ನಾವು ಕೊಳ್ಳುತ್ತಿದ್ದ ತೊಗರಿಬೇಳೆಗೆ ತೆರಿಗೆಯನ್ನೂ ಪೊಟ್ಟಣದ ಬೆಲೆಯನ್ನೂ ಸೇರಿಸಿ ತೆರುತ್ತಿದ್ದೆವು ಎಂಬುದು ಅಂಗಡಿಯವರು ಹೇಳಿದ ಮೇಲೆಯೇ ತಿಳಿದದ್ದು. ಜತೆಗೆ, ಬೇಕಾದಷ್ಟೇ ಕೊಳ್ಳುವ ಅನುಕೂಲ ಬೇರೆ. ಐವತ್ತು ಗ್ರಾಂ ಕೊತ್ತಂಬರಿ, ಹತ್ತು ಬ್ಯಾಡಗಿ ಮೆಣಸು, ಒಂದು ನಿಂಬೆಗಾತ್ರದ ಹುಣಸೆಹುಳಿ. ವಾರದ ಮಜೂರಿಯಲ್ಲಿ ಬದುಕುವವರಿಗೆ ಇದು ಅನುಕೂಲ ಮಾತ್ರವಲ್ಲ, ಸಾರಿನಲ್ಲಿ ಕೊತ್ತಂಬರಿ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ.

ಆದರೆ ಈ ಆರು ತಿಂಗಳಲ್ಲಿ ನಾವು ಕಂಡ ಮುಖ್ಯವಾದ ಸಂಗತಿ ಕೊಳ್ಳುವುದಕ್ಕೆ ಸಂಬಂಧಿಸಿದ್ದಲ್ಲ. ಸೂಪರ್ ಮಾರ್ಕೆಟಿಗೆ ಹೋಗುವವರೆಲ್ಲ ಕೊಳ್ಳಲು ಹೋಗುತ್ತಾರೆ. ತಿರುವಿನ ಅಂಗಡಿಗೆ ಬರುವವರಲ್ಲಿ ಕೆಲವರು ಮಾರಲು ಬರುತ್ತಾರೆ. ಬೆಳಿಗ್ಗೆ ಏಳು ಗಂಟೆಗೆ ಅಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಒಬ್ಬ ಅಜ್ಜಿ ಬಸಳೆಯ ಎರಡು ಕಟ್ಟು ತರುತ್ತಾರೆ. ಮತ್ತೊಬ್ಬರು ಅಂಗಳದ ಕದಳಿ ಗೊನೆ ತರುತ್ತಾರೆ. ಶಾಲೆಗೆ ಹೋಗುವ ಹುಡುಗನೊಬ್ಬ ಚೀಲದಲ್ಲಿ ಆರು ತೆಂಗಿನಕಾಯಿ ತಂದಿಟ್ಟು, ಅದರ ಬದಲಿಗೆ ಸಕ್ಕರೆ, ಸಾಬೂನು ಮತ್ತು ಒಂದು ನೋಟ್‌ಪುಸ್ತಕ ತೆಗೆದುಕೊಂಡು ಹೋಗುತ್ತಾನೆ. ಹಪ್ಪಳ, ಉಪ್ಪಿನಕಾಯಿ, ಸಂಡಿಗೆ ಮಾಡುವ ಮನೆಗಳ ಸರಕು ಅದೇ ಭರಣಿಗಳ ಸಾಲಿನಲ್ಲಿದೆ. ಕುಚ್ಚಲಕ್ಕಿ ಸಮೀಪದ ಮಿಲ್ಲಿನದು, ತೆಂಗಿನೆಣ್ಣೆ ಇಲ್ಲಿಯದೇ ಗಾಣದ್ದು. ಎರಡು ಕಟ್ಟು ಬಸಳೆಯನ್ನು ಕೊಳ್ಳಲು ದೊಡ್ಡ ಮಳಿಗೆಯವರಿಗೆ ಮನಸ್ಸಿದ್ದರೂ ದಾರಿಯಿಲ್ಲ. ಅವರ ಖರೀದಿಯ ಕಚೇರಿ ಬೇರೆಲ್ಲೋ ಇರುತ್ತದೆ, ಆ ಕಚೇರಿಗೆ ಟನ್ನುಗಳ ಭಾಷೆ ಮಾತ್ರ ತಿಳಿಯುತ್ತದೆ. ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆತಿದೆ, ಸಂತೋಷ. ಆದರೆ ನಮ್ಮ ಅಜ್ಜಿಯ ಬಸಳೆಗೆ ಅಂಥ ಮಾನ್ಯತೆಯೇನೂ ಇಲ್ಲ, ಆ ತಿರುವಿನ ಹಲಗೆಯೊಂದೇ ಅದರ ಮಾರುಕಟ್ಟೆ. ನಾವು ಅಂಗಡಿಯನ್ನು ಬಿಟ್ಟಾಗ ಅಂಗಡಿಯವರನ್ನು ಮಾತ್ರ ಬಿಟ್ಟಿರಲಿಲ್ಲ.

ಹಾಗೆಂದು ಸಣ್ಣ ಅಂಗಡಿಗಳನ್ನು ದೇವಾಲಯಗಳೆಂದು ಕೊಂಡಾಡಲು ನಮಗೆ ಮನಸ್ಸಿಲ್ಲ. ತೂಕದಲ್ಲಿ ಕೈಚಳಕ ತೋರಿಸುವವರಿದ್ದಾರೆ. ಹಳೆಯ ಸರಕನ್ನು ಮಕ್ಕಳ ಕೈಗೆ ತುರುಕುವವರಿದ್ದಾರೆ. ರವೆಯಲ್ಲಿ ಹುಳ ಕಂಡು ನಾವೇ ಎರಡು ಸಲ ಹಿಂದಿರುಗಿಸಿದ್ದೇವೆ. ಚಿಲ್ಲರೆಗೆ ಬದಲು ಚಾಕಲೇಟು ಕೊಡುವ ರೋಗ ಮೊಬೈಲಿನಲ್ಲಿ ಹಣ ಕೊಡುವ ಪದ್ಧತಿ ಬಂದ ಮೇಲೂ ಪೂರ್ತಿ ಗುಣವಾಗಿಲ್ಲ. ಕೆಲವೆಡೆ ಕಾರಿನಲ್ಲಿ ಬಂದವರಿಗೆ ಮೊದಲು, ತಲೆಹೊರೆಯಲ್ಲಿ ಬಂದವರಿಗೆ ಆಮೇಲೆ. ಸೂಪರ್ ಮಾರ್ಕೆಟಿನ ಸಾಲಿನಲ್ಲಿ ಎಲ್ಲರೂ ಸಮಾನರು ಎಂದು ಒಬ್ಬ ಸಹೋದರಿ ನಮಗೆ ಹೇಳಿದರು. ತಮಗೂ ತಮ್ಮ ಮಗಳಿಗೂ ಬೇಕಾದುದನ್ನು ಹತ್ತು ಗಂಡಸರ ಮುಂದೆ ಬಾಯಿಬಿಟ್ಟು ಕೇಳದೆ ಕೈಯಾರೆ ಎತ್ತಿಕೊಳ್ಳಬಹುದಲ್ಲ ಎಂದೂ ಹೇಳಿದರು. ಅವರ ಮಾತಿಗೆ ನಮ್ಮಲ್ಲಿ ಪ್ರತ್ಯುತ್ತರವಿಲ್ಲ. ಅಂಗಡಿಯವರು ಕೇಳಿ ತಿದ್ದಿಕೊಳ್ಳಬೇಕಾದ ಮಾತು ಅದು.

ಇನ್ನೂ ಕಷ್ಟದ ಪ್ರಶ್ನೆಯೊಂದಿದೆ. ನಮ್ಮ ವಾಳೆಯ ಹೆಣ್ಣುಮಕ್ಕಳೇ ಹಲವರು ಆ ಮಳಿಗೆಗಳಲ್ಲಿ ದುಡಿಯುತ್ತಿದ್ದಾರೆ. ಬಿಲ್ಲು ಮಾಡುವವರು, ಕಪಾಟು ಜೋಡಿಸುವವರು. ಅವರ ಸಂಬಳದಿಂದ ತಮ್ಮಂದಿರ ಶುಲ್ಕ ಕಟ್ಟಲಾಗುತ್ತಿದೆ. ತಿರುವಿನ ಅಂಗಡಿ ಅವರಿಗೆ ಕೆಲಸ ಕೊಡಲಾರದು. ದಿನವಿಡೀ ನಿಂತೇ ಇರಬೇಕು ಎಂಬುದು ಅವರ ಅಳಲು. ಅಂಗಡಿ ನೌಕರರಿಗೆ ಕುಳಿತುಕೊಳ್ಳುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾಯಿದೆಯಾಗಿಸಿದವು. ಕೇರಳದಲ್ಲಿ ಅದಕ್ಕಾಗಿ ಜವಳಿ ಅಂಗಡಿಗಳ ಮಹಿಳೆಯರು ವರ್ಷಗಟ್ಟಲೆ ಹೋರಾಡಬೇಕಾಯಿತು. ನಾವು ಸೂಪರ್ ಮಾರ್ಕೆಟ್ ತೊರೆದುದರಿಂದ ಈ ಮಕ್ಕಳಿಗೆ ಒಳಿತಾಯಿತೆಂದು ಹೇಳುವಷ್ಟು ನಾಚಿಕೆಗೇಡಿಗಳು ನಾವಲ್ಲ. ಆದರೆ ದೊಡ್ಡದೆಲ್ಲ ಭದ್ರ ಎಂಬ ನಂಬಿಕೆಯೂ ಉಳಿದಿಲ್ಲ. 1997ರಲ್ಲಿ ಚೆನ್ನೈಯಲ್ಲಿ ಆರಂಭವಾಗಿ ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಮಳಿಗೆಗಳನ್ನು ತೆರೆದಿದ್ದ ಸುಭಿಕ್ಷಾ 2009ರಲ್ಲಿ ಕುಸಿದುಬಿತ್ತು, ನೌಕರರ ಸಂಬಳ ಬಾಕಿಯಿರುವಾಗಲೇ. 2001ರಲ್ಲಿ ಹುಟ್ಟಿ ಮನೆಮಾತಾಗಿದ್ದ ಬಿಗ್ ಬಜಾರ್ ಸಾಲದ ಹೊರೆಯಲ್ಲಿ ಮುಳುಗಿ, 2022ರಲ್ಲಿ ಅದರ ಎಷ್ಟೋ ಮಳಿಗೆಗಳು ರಾತ್ರೋರಾತ್ರಿ ಬೇರೆ ಕಂಪೆನಿಯ ಕೈಸೇರಿದವು. ನಮ್ಮ ತಿರುವಿನ ಗೋಣಿಗಳು ಅಷ್ಟೂ ಕಾಲ ಅಲ್ಲಿಯೇ ಇದ್ದವು.

ಈಗ ಸೂಪರ್ ಮಾರ್ಕೆಟಿಗೂ ಹೋಗಬೇಕಾಗಿಲ್ಲ; ಮೊಬೈಲನ್ನು ಒತ್ತಿದರೆ ಹತ್ತು ನಿಮಿಷದಲ್ಲಿ ಮೊಸರು ಬಾಗಿಲಿಗೆ ಬರುತ್ತದೆ. ಒಂದೇ ವರ್ಷದಲ್ಲಿ ಎರಡು ಲಕ್ಷ ಕಿರಾಣಿ ಅಂಗಡಿಗಳು ಮುಚ್ಚಿದವೆಂದು ದಿನಬಳಕೆ ವಸ್ತುಗಳ ವಿತರಕರ ಅಖಿಲ ಭಾರತ ಒಕ್ಕೂಟ 2024ರಲ್ಲಿ ಹೇಳಿತು. ಲೆಕ್ಕ ಅವರದು, ಹಿತಾಸಕ್ತಿಯೂ ಅವರದು. ಅರ್ಧವೇ ನಿಜವೆಂದರೂ ಒಂದು ಲಕ್ಷ ಬಾಗಿಲುಗಳಾದವು.

ಇಂಗ್ಲೆಂಡಿನ ಲೇಖಕ ಜಿ. ಕೆ. ಚೆಸ್ಟರ್ಟನ್, ನಮ್ಮ ಧರ್ಮಸಭೆಯನ್ನು ಸೇರಿದ ಕೆಲವೇ ವರ್ಷಗಳಲ್ಲಿ, 1926ರ ತಮ್ಮ ಪುಸ್ತಕವೊಂದರಲ್ಲಿ ದೊಡ್ಡ ಅಂಗಡಿಗಳ ಬಗ್ಗೆ ಒಂದು ಅಧ್ಯಾಯವನ್ನೇ ಬರೆದರು. ಅವುಗಳಿಗೆ ಕೊನೆಗಾಣಿಸಲು ಕ್ರಾಂತಿಯೇನೂ ಬೇಡ, ಅಲ್ಲಿಗೆ ಹೋಗದಿದ್ದರಾಯಿತು ಎಂಬುದು ಅವರ ವಾದದ ತಿರುಳು. ಕೊಳ್ಳುವುದು ಬರಿಯ ಆರ್ಥಿಕ ವ್ಯವಹಾರವಲ್ಲ, ನೈತಿಕ ವ್ಯವಹಾರವೂ ಹೌದೆಂದು ಪೋಪ್ ಹದಿನಾರನೆಯ ಬೆನೆಡಿಕ್ಟರು 2009ರ ಪರಿಪತ್ರದಲ್ಲಿ ತಿಳಿಸಿದರು. ಇವನ್ನೆಲ್ಲ ನಾವು ಬಹಳ ಹಿಂದೆಯೇ ಓದಿದ್ದೆವು. ಓದಿ, ಮೆಚ್ಚಿ, ಮರುದಿನ ತಳ್ಳುಗಾಡಿ ತಳ್ಳಿದ್ದೆವು. ನಮ್ಮನ್ನು ತಡೆದದ್ದು ಕೆಸುವಿನ ದಂಟು.

ಈ ಆರು ತಿಂಗಳಲ್ಲಿ ಎರಡು ಸಲ ನಾವು ವ್ರತಭಂಗ ಮಾಡಿದೆವು ಎಂಬುದನ್ನೂ ಒಪ್ಪಿಕೊಳ್ಳಬೇಕು. ಕ್ರಿಸ್ಮಸ್ ಕುಸ್ವಾರಿಗೆ ಬೇಕಾದ ಒಂದೆರಡು ಸಾಮಗ್ರಿಗಳಿಗಾಗಿ ಒಮ್ಮೆ, ಮಳೆಯಲ್ಲಿ ಬರಿಯ ಸೋಮಾರಿತನದಿಂದ ಇನ್ನೊಮ್ಮೆ.

ಕಳೆದ ಶನಿವಾರ ಸಂಜೆ ಅಂಗಡಿಯವರಲ್ಲಿ ಈ ಬರಹದ ವಿಷಯ ಹೇಳಿದೆವು. "ಬರೆಯಿರಿ, ಹೆಸರು ಮಾತ್ರ ಹಾಕಬೇಡಿ" ಎಂದರು. ಮಗ ಬೆಂಗಳೂರಿನಲ್ಲಿದ್ದಾನೆ, ಬಂದುಬಿಡಿ ಎನ್ನುತ್ತಿದ್ದಾನೆ, ಮೇ ತಿಂಗಳಲ್ಲಿ ಕಟ್ಟಡದ ಕರಾರು ಮುಗಿಯುತ್ತದೆ, ಆಗ ನೋಡಬೇಕು ಎಂದರು. ಮಾತಿನ ನಡುವೆ 2020ರ ಪುಸ್ತಕ ಇನ್ನೂ ಇದೆಯೇ ಎಂದು ನಾವು ಕೇಳಿದೆವು. ಗಲ್ಲಾಪೆಟ್ಟಿಗೆಯ ಅಡಿಯಿಂದ ನೀಲಿ ರಟ್ಟಿನ ಪುಸ್ತಕವೊಂದನ್ನು ತೆಗೆದರು. ತೀರಿದ ಲೆಕ್ಕಗಳಿಗೆಲ್ಲ ಅಡ್ಡಗೆರೆ ಎಳೆದಿತ್ತು. ಗೆರೆ ಬೀಳದ ಸಾಲುಗಳು ಅಲ್ಲಲ್ಲಿ ಉಳಿದಿದ್ದವು. ಹಾಳೆ ಮಗುಚುತ್ತಿದ್ದವರು ಒಂದೆಡೆ ತಟ್ಟನೆ ಕೈ ಅಡ್ಡವಿಟ್ಟರು. ನಾವು ನೋಡಿಬಿಟ್ಟಿದ್ದೆವು. ನಮ್ಮ ಮನೆಯ ಹೆಸರು, ಮೇ ತಿಂಗಳು, ಅಕ್ಕಿ ಮತ್ತು ಎಣ್ಣೆ, 340 ರೂಪಾಯಿ.

"ಅದು ಬಿಡಿ ಬಾಯಮ್ಮ, ಆಗ ಎಲ್ಲರಿಗೂ ಕಷ್ಟವಿತ್ತು" ಎಂದರು ಅವರು.

ಹಣ ಕೊಟ್ಟೆವು, ಅವರು ಗೆರೆ ಎಳೆದರು. ಆ ಪುಸ್ತಕದಲ್ಲಿ ಗೆರೆಯಿಲ್ಲದ ಇತರ ಹೆಸರುಗಳನ್ನು ನಾವು ಓದಲಿಲ್ಲವೆಂದರೆ ಸುಳ್ಳಾಡಿದಂತಾಗುತ್ತದೆ. ಹೆಚ್ಚಿನವು ಭಾನುವಾರ ನಮ್ಮ ಪಕ್ಕದ ಬೆಂಚಿನಲ್ಲಿ ಕುಳಿತುಕೊಳ್ಳುವವರವು. ಮೊತ್ತಗಳೇನೂ ದೊಡ್ಡವಲ್ಲ. ಇಂಥ ಪುಸ್ತಕ ನಮ್ಮ ತಿರುವಿನಲ್ಲಿ ಮಾತ್ರ ಇರಲಾರದು. ನಿಮ್ಮ ವಾಳೆಯಲ್ಲಿಯೂ ಇರಬಹುದು, ಈಸ್ಟರಿಗೆ ಮೊದಲು ಒಮ್ಮೆ ಹೋಗಿ ವಿಚಾರಿಸಬಹುದು. ನಮ್ಮ ತಿರುವಿನ ಅಂಗಡಿ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ, ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಭಾನುವಾರ ಎರಡನೆಯ ಪೂಜೆ ಮುಗಿದ ಮೇಲೆಯೂ ಒಂದು ತಾಸು ಇರುತ್ತದೆ.